ಮಾಮನ ಕಾರಿಗೆ ಯಾವ ಎಣ್ಣೆ

ತಂಗವೇಲ್ ತನ್ನ ಅಕ್ಕನಿಗೆ ಆ ಮಾತು ಕೊಟ್ಟಾಗ ಅವನಿಗೆ ಮೀಸೆ ಇನ್ನೂ ಪೂರ್ತಿ ಬಂದಿರಲಿಲ್ಲ.

ಅಕ್ಕ ವೆಳ್ಳೈಯಮ್ಮಾಳ್‌ಳ ಮದುವೆ ನಡೆದದ್ದು ದಿಂಡಿಗಲ್ಲಿನಲ್ಲಿ, ಗಂಡಿನ ಊರಲ್ಲಿ. ಮದುಮಗಳಿಗೆ ಸೋದರಮಾವ ಸೀರು ತರಬೇಕು. ಸೀರೆ, ಹಣ್ಣು, ತೆಂಗಿನಕಾಯಿ, ಬೆಲ್ಲ ಎಲ್ಲವನ್ನೂ ತಟ್ಟೆಗಳಲ್ಲಿ ಜೋಡಿಸಿ, ಮೇಳ ಮುಂದೆ ಮಾಡಿಕೊಂಡು, ಮಂಟಪದೊಳಕ್ಕೆ ಹೊತ್ತು ತರುವುದು ಮನೆಯಲ್ಲಿ ಕನ್ನಡವಾಡುವ ಅವರ ಜನದ ಕಟ್ಟಳೆ. ಅವತ್ತು ಹನುಮಂತನಪಟ್ಟಿಯಿಂದ ಹೊರಟ ಸೀರು ಬಸ್ಸು ಹತ್ತಿತ್ತು. ಬಸ್ಸು ವತ್ತಲಗುಂಡು ದಾಟಿದ ಮೇಲೆ ಕೆಟ್ಟು ನಿಂತಿತು. ತಟ್ಟೆಗಳು ತಲೆಯ ಮೇಲೆ ಕೂತು ಮಂಟಪ ಮುಟ್ಟುವಷ್ಟರಲ್ಲಿ ತಾಳಿ ಕಟ್ಟಿ ಮುಗಿದು, ಊಟದ ಎಲೆ ಎತ್ತುತ್ತಿದ್ದರು. ಅಕ್ಕನ ಅತ್ತೆ ಚಿನ್ನಮ್ಮಾಳ್ ಮಂಟಪದ ನಡುವೆ ನಿಂತು, "ಪರವಾಗಿಲ್ಲ, ಮೊಮ್ಮಗು ಹುಟ್ಟೋದ್ರೊಳಗೆ ಬಂತಲ್ಲ ನಿಮ್ಮೂರ ಸೀರು" ಅಂದಳು. ಎಲೆ ಎತ್ತುವವರೂ ನಕ್ಕರು.

ಒಂದು ಸಲ ಅಂದು ಬಿಟ್ಟಿದ್ದರೆ ಅದು ಅಲ್ಲಿಗೇ ಹೋಗುತ್ತಿತ್ತು. ಚಿನ್ನಮ್ಮಾಳ್ ಅದನ್ನು ಪೊಂಗಲಿಗೂ ಅಂದಳು, ದೀಪಾವಳಿಗೂ ಅಂದಳು, ಮನೆಗೆ ಹೊಸಬರು ಬಂದರೆ ನೀರು ಕೊಡುವ ಮೊದಲು ಅಂದಳು. ವೆಳ್ಳೈಯಮ್ಮಾಳ್ ತವರಿಗೆ ಬಂದಾಗಲೆಲ್ಲ ರುಬ್ಬುವ ಕಲ್ಲಿನ ಮುಂದೆ ಕೂತು ಅತ್ತಳು. ಹಿಟ್ಟು ಉಪ್ಪಾದೀತು ಎಂದು ತಮ್ಮನಿಗೆ ಭಯವಾಯಿತು.

"ಅಳ್ಬೇಡ ಅಕ್ಕಾ," ಅಂದ ತಂಗವೇಲ್. "ನಿನಗೆ ಹೆಣ್ಣು ಹುಟ್ಲಿ. ಅದರ ಮದುವೆಗೆ ಮಾಮ ಯಾರು? ನಾನೇ ಅಲ್ವಾ? ನನ್ನ ಸೀರು ನನ್ನ ಸ್ವಂತ ಕಾರಲ್ಲಿ ಬತ್ತದೆ. ದೀಪ ಹಚ್ಚೋಕೆ ಮುಂಚೆ ಬತ್ತದೆ. ಇದು ಸತ್ಯ."

ಆಗ ಅವರ ಮನೆಯಲ್ಲಿ ಸೈಕಲ್ಲೂ ಇರಲಿಲ್ಲ.

ಹೆಣ್ಣೇ ಹುಟ್ಟಿತು. ಅಭಿರಾಮಿ ಎಂದು ಹೆಸರಿಟ್ಟರು. ಅವಳು ಬೆಳೆದು ದಾವಣಿ ಉಡುವ ಹೊತ್ತಿಗೆ ತಂಗವೇಲ್ ದ್ರಾಕ್ಷಿ ಚಪ್ಪರ ಹಾಕಿ, ಎರಡು ಮಕ್ಕಳ ಅಪ್ಪನಾಗಿ, ಉತ್ತಮಪಾಳಯಂನ ಮುದಿ ಡಾಕ್ಟರೊಬ್ಬರಿಂದ ಬಿಳಿ ಅಂಬಾಸಿಡರ್ ಒಂದನ್ನು ಕೊಂಡಿದ್ದ. ಕಾರು ಅಭಿರಾಮಿಗಿಂತ ವಯಸ್ಸಿನಲ್ಲಿ ಹಿರಿದು. ಅದರ ಬಾಗಿಲು ಹಾಕಿದರೆ ಪಕ್ಕದ ಬೀದಿಯ ನಾಯಿ ಬೊಗಳುತ್ತಿತ್ತು. ಆದರೂ ಮಕ್ಕಳಿಗೆ ಜ್ವರ ಬಂದರೆ ಆಸ್ಪತ್ರೆಗೆ, ಹಣ್ಣು ಕೊಯ್ದರೆ ಮಂಡಿಗೆ, ಹೆಂಡತಿ ಮಣಿಮೇಗಲೈ ಮುನಿಸಿಕೊಂಡರೆ ಅವಳ ತವರಿಗೆ, ಎಲ್ಲದಕ್ಕೂ ಅದೇ ಓಡುತ್ತಿತ್ತು. ತೋಟದಿಂದ ಸೋತು ಬಂದು ಹಾಸಿಗೆಗೆ ಬಿದ್ದವನು ಕಾರಿಗೆ ತಾಡಪಾಲು ಹೊದಿಸಿದ್ದೇನೋ ಇಲ್ಲವೋ ಎಂದು ಮತ್ತೆ ಎದ್ದು ಹೋಗುತ್ತಿದ್ದ. ಮಕ್ಕಳಿಗೆ ಹೊದಿಕೆ ಸರಿಮಾಡುವ ಕೆಲಸ ಮಣಿಮೇಗಲೈಯದು.

ಈಗ ಅಭಿರಾಮಿಯ ಮದುವೆ ನಾಳೆ. ಇವತ್ತು ಸಂಜೆ ದೀಪ ಹಚ್ಚುವ ಮೊದಲು ಸೀರು ದಿಂಡಿಗಲ್ಲಿನ ಮಂಟಪ ಮುಟ್ಟಬೇಕು. ಅದಕ್ಕೆ ಮೊದಲು ಕಾರಿನ ಎಂಜಿನ್ ಎಣ್ಣೆ ಬದಲಾಗಬೇಕು. ಒಳಗಿದ್ದ ಎಣ್ಣೆ ಡಾಂಬರಿನ ಹಾಗೆ ಕಪ್ಪಾಗಿತ್ತು.

ತಂಗವೇಲ್ ತೇನಿಗೆ ಹೋಗಿ ಎಣ್ಣೆ ತಂದಿದ್ದ. ಅಂಗಡಿಯವರು, "ಹಳೇ ಪೆಟ್ರೋಲ್ ವಂಡಿಯಾ? ಇಪ್ಪತ್ತು-ಐವತ್ತು ನಂಬರಿನ ಎಣ್ಣೆ ಒಯ್ಯಿ. ಬೆಳಿಗ್ಗೆ ತಣ್ಣಗಿದ್ರೂ ಮೇಲಕ್ಕೆ ಏರ್ತದೆ, ಮಧ್ಯಾಹ್ನ ಕಾದ್ರೂ ನೀರಾಗಲ್ಲ" ಅಂದಿದ್ದರು. ಆ ಡಬ್ಬವನ್ನು ಅವನು ಭತ್ತದ ಮೂಟೆಗಳ ಹಿಂದೆ ಬಚ್ಚಿಟ್ಟಿದ್ದ. ಕಳ್ಳರ ಭಯಕ್ಕಲ್ಲ, ನೆಂಟರ ಭಯಕ್ಕೆ. ಕಂಬಂ ಕಣಿವೆಯಲ್ಲಿ ಪಂಪ್‌ಸೆಟ್ ಇಲ್ಲದ ತೋಟವಿಲ್ಲ. ಪಂಪ್‌ಸೆಟ್ಟಿಗೆ ಒಂದು ಸಲ ಎಣ್ಣೆ ಹೊಯ್ದವನು ಆಮೇಲೆ ಎಣ್ಣೆಯ ವಿಷಯದಲ್ಲಿ ಸರ್ಕಾರದ ಮಾತನ್ನೂ ಕೇಳುವುದಿಲ್ಲ. ಊರು ಏಳುವ ಮೊದಲೇ ಸದ್ದಿಲ್ಲದೆ ಎಣ್ಣೆ ಬದಲಾಯಿಸಿಬಿಡುವುದೆಂದು ಅವನು ಲೆಕ್ಕ ಹಾಕಿದ್ದ.

ಲೆಕ್ಕವನ್ನು ಕೋಲ ಕೆಡಿಸಿತು.

ಶುಭದ ದಿನವೆಂದು ಮಣಿಮೇಗಲೈ ನಸುಕಿನಲ್ಲೇ ಎದ್ದು ಬಾಗಿಲ ಮುಂದೆ ರಂಗೋಲಿ ಹಿಟ್ಟಿನಲ್ಲಿ ದೊಡ್ಡ ಕೋಲ ಬಿಡಿಸಿದ್ದಳು. ಕೋಲ ದೊಡ್ಡದಾಗುತ್ತ ಆಗುತ್ತ ಅದರ ಒಂದು ದಳ ಕಾರಿನ ಕೆಳಕ್ಕೆ ಹೋಗಿತ್ತು. ಆ ದಳದ ಮೇಲೆ ಕಾರು ಒಂದು ಕರಿಬೊಟ್ಟು ಇಟ್ಟಿತು.

"ಅಯ್ಯಯ್ಯೋ! ನೋಡ್ಬನ್ನಿ, ನಿಮ್ಮ ಕಾರು ನನ್ನ ಕೋಲದ ಮೇಲೆ ಉಚ್ಚೆ ಹೊಯ್ದದೆ!"

ಅವಳ ಕೂಗಿಗೆ ಗಂಡನಿಗಿಂತ ಮೊದಲು ಬಂದವನು ಪಕ್ಕದ ಮನೆಯ ಪಿಚ್ಚೈ. ದಾಯಾದಿ, ವಯಸ್ಸಿನಲ್ಲಿ ಅಣ್ಣ. ಬಾಯಲ್ಲಿ ಬೇವಿನ ಕಡ್ಡಿ. ಅವನು ಕುಕ್ಕರಗಾಲಲ್ಲಿ ಕೂತು, ಕರಿಬೊಟ್ಟನ್ನು ಬೆರಳಲ್ಲಿ ಮುಟ್ಟಿ, ಉಜ್ಜಿ, ಮೂಸಿ, ವೈದ್ಯರು ಕೆಟ್ಟ ಸುದ್ದಿ ಹೇಳುವ ಮುಖ ಮಾಡಿದ.

"ನೀರಾಗ್ಬಿಟ್ಟದೆ ಕಣೋ ತಂಗವೇಲೂ. ಎಣ್ಣೆ ಅಂದ್ರೆ ಮಂದ ಇರ್ಬೇಕು. ತಡಿ, ನನ್ನ ಪಂಪ್‌ಸೆಟ್ ಎಣ್ಣೆ ತತ್ತೀನಿ. ಪಾಯಸದಂಗಿದೆ."

"ಅಣ್ಣೇ, ಬೇಡ, ನಾನಾಗ್ಲೇ ತಂದಿವ್ನಿ..."

ಬಾಯಿ ಜಾರಿತ್ತು. "ಏನು ತಂದಿದ್ದೀಯ? ಎಲ್ಲಿಟ್ಟಿದ್ದೀಯ? ನನ್ನ ಕೇಳ್ದೆ ತಂದ್ಯಾ?" ಎಂದು ಪಿಚ್ಚೈ ಮೂರು ಕಡೆಯಿಂದ ಹಿಡಿದ. ಭತ್ತದ ಮೂಟೆಯ ಹಿಂದಿನಿಂದ ಡಬ್ಬ ಹೊರಗೆ ಬಂತು. ಬೀದಿ ಸೇರಿತು.

ಮದುವೆಗೆಂದು ಹಿಂದಿನ ದಿನವೇ ಬಂದಿದ್ದ ಮಣಿಮೇಗಲೈಯ ಅಣ್ಣ ಆಂಡಿ ಟವಲ್ ಕೊಡವುತ್ತ ಎದ್ದು ಬಂದ. ಕುಮುಳಿಯಿಂದ ದಿಂಡಿಗಲ್ಲಿಗೆ ಬಸ್ಸು ಓಡಿಸಿ ರಿಟೈರಾದವನು. ಈಗಲೂ ಕುರ್ಚಿಯಲ್ಲಿ ಕೂತರೆ ಬಲಗಾಲು ಬ್ರೇಕ್ ಹುಡುಕುತ್ತಿತ್ತು.

"ಪಂಪ್‌ಸೆಟ್ ಎಣ್ಣೆ ಪಂಪ್‌ಸೆಟ್ಟಿಗೆ. ಅದು ನಿಂತಲ್ಲೇ ಓಡ್ತದೆ, ಇದು ಊರಿಂದೂರಿಗೆ ಓಡ್ಬೇಕು," ಅಂದ ಆಂಡಿ. "ಮಾಪ್ಳೆ, ನನ್ನ ಕೇಳು. ಬಸ್ಸಿನ ಎಣ್ಣೆ ಹಾಕು. ಡಿಪೋದಲ್ಲಿ ನನಗೆ ಗೊತ್ತಿರೋರು ಕೊಟ್ಟಿದ್ದು ಪೆಟ್ಟಿಗೇಲಿದೆ."

"ಮಚ್ಚಾನ್, ಬಸ್ಸು ಡೀಸೆಲ್ಲು, ಇದು ಪೆಟ್ರೋಲು."

"ಅದ್ಕೇನು? ಬಸ್ಸು ಎತ್ತೋ ಎಣ್ಣೆ ಕಾರನ್ನ ಎತ್ತಲ್ವಾ? ಕುಮುಳಿ ಘಾಟಲ್ಲಿ ತುಂಬಿದ ಬಸ್ಸು ಎತ್ತಿದ್ದೀನಿ!"

ಆಂಡಿಯ ಮಗ ಸೆಂದಿಲ್‌ಕುಮಾರ್ ಮಧುರೆಯ ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದ. ಮನೆಯ ಕನ್ನಡ ಅವನಿಗೆ ಕಿವಿಗೆ ಬರುತ್ತಿತ್ತು, ನಾಲಿಗೆಗೆ ಅಷ್ಟಾಗಿ ಬರುತ್ತಿರಲಿಲ್ಲ. "ಮಾಮಾ, ಇದೆಲ್ಲಾಂ ಪಳಸು, ಹಳೇದು," ಅಂದ. "ಈಗ ತೆಳು ಎಣ್ಣೆ ಬಂದಿರ್ಕು. ಎಂಜಿನ್ ಉಳ್ಳೆ ಹೋಗಿ ಎಲ್ಲಾ ಕ್ಲೀನ್ ಪಣ್ಣುಂ. ನಾನು ಒಂದು ಡಬ್ಬ ತಂದಿರ್ಕೇನ್."

"ಬಾಯಿ ಮುಚ್ಚೋ. ಮುದಿ ಎಂಜಿನ್ನೊಳಗೆ ಕೊಳೆ ಇರೋದ್ರಿಂದ್ಲೇ ಅದು ಬಿಗಿಯಾಗಿ ನಿಂತಿದೆ. ಕ್ಲೀನ್ ಮಾಡಿದ್ರೆ ಎಲ್ಲಾ ಸಂದೀಲೂ ಸೋರ್ತದೆ," ಅಂದ ಅವನಪ್ಪ. ಬೀದಿಯಲ್ಲಿ ನಿಂತಿದ್ದ ಮುದುಕರು ಈ ಮಾತಿಗೆ ಗಂಭೀರವಾಗಿ ತಲೆಯಾಡಿಸಿದರು. ತಮ್ಮ ಬಗ್ಗೆಯೇ ಹೇಳಿದ ಹಾಗೆ ಅವರಿಗೆ ಅನ್ನಿಸಿರಬೇಕು.

ಅಷ್ಟರಲ್ಲಿ ತಂಗವೇಲನ ಸೋದರತ್ತೆ ಕಾಳಿಯಮ್ಮಾಳ್ ಸೀಸೆಯೊಂದನ್ನು ಸೆರಗಲ್ಲಿ ಸುತ್ತಿಕೊಂಡು ಬಂದಳು. "ಕಣ್ಣೂ, ವಯಸ್ಸಾದ ಮೈಗೆ ಹರಳೆಣ್ಣೆಗಿಂತ ಬೇರೆ ಇಲ್ಲ. ನಿನ್ನ ತಾತನ ಗಾಡಿಗೆ ಕೀಲೆಣ್ಣೆ ಅಂತ ಇದನ್ನೇ ಹಾಕ್ತಿದ್ದದ್ದು. ಆ ಗಾಡಿ ಒಂದಿನ ಕೆಟ್ಟು ನಿಂತದ್ದು ಕಂಡಿದ್ದೀಯಾ?"

"ಅತ್ತೇ, ಆ ಗಾಡಿಗೆ ಎಂಜಿನ್ ಇರ್ಲಿಲ್ಲ."

"ಅದಕ್ಕೇ ಕೆಡ್ಲಿಲ್ಲ."

ಹೊತ್ತು ಏರುತ್ತಿತ್ತು. ಬಾನೆಟ್ಟಿನ ಮೇಲೆ ಡಬ್ಬಗಳು ಸಾಲಾಗಿ ಕೂತಿದ್ದವು. ಒಬ್ಬರ ಎಣ್ಣೆ ಹಾಕಿದರೆ ಉಳಿದವರು ಸೀರಿಗೆ ಬರುವುದಿಲ್ಲ. ತನ್ನದೇ ಹಾಕಿದರೆ ಯಾರೂ ಬರುವುದಿಲ್ಲ. ಸೀರಿಗೆ ತಟ್ಟೆ ಹೊರುವ ಜನವಿಲ್ಲದೆ ಬರೀ ಕಾರು ಹೋದರೆ ಚಿನ್ನಮ್ಮಾಳ್‌ಗೆ ಇನ್ನು ಸಾಯುವವರೆಗೆ ಸಾಕಾಗುವಷ್ಟು ಮಾತು ಸಿಗುತ್ತದೆ. ತಂಗವೇಲ್ ತಲೆ ಹಿಡಿದುಕೊಂಡು ತನ್ನ ಮನೆಯ ಮೆಟ್ಟಿಲ ಮೇಲೆ ನೆಂಟನ ಹಾಗೆ ಕೂತ.

ದಾರಿ ತೋರಿಸಿದವಳು ಮಣಿಮೇಗಲೈ. "ಹೆಣ್ಣು ಕೊಡೋಕೆ, ಬಾವಿ ತೋಡೋಕೆ, ಎಲ್ಲದಕ್ಕೂ ಹೂವು ಕೇಳ್ತೀವಿ. ಇದಕ್ಕೂ ಕೇಳಿಬಿಡಿ. ಆಮೇಲೆ ಯಾರಾದ್ರೂ ಬಾಯಿಬಿಟ್ರೆ ದೇವರನ್ನ ಬೈದಂಗೆ."

ಇದಕ್ಕೆ ಯಾರೂ ಎದುರಾಡುವ ಹಾಗಿರಲಿಲ್ಲ. ಮನೆದೇವರು ಅಮ್ಮನ ಪಟದ ಮುಂದೆ ಡಬ್ಬಗಳನ್ನು ಸಾಲಾಗಿ ಇಟ್ಟರು. ಬಾಳೆಲೆಯ ತುಂಡಿನಲ್ಲಿ ಹೂವಿನ ಪೊಟ್ಟಣ ಕಟ್ಟಿದರು. ಒಂದರಲ್ಲಿ ಬಿಳಿ ಹೂವು, ಉಳಿದವುಗಳಲ್ಲೆಲ್ಲ ಕೆಂಪು. ಕಾಳಿಯಮ್ಮಾಳ್ ಕಣ್ಣು ಮುಚ್ಚಿ ಪೊಟ್ಟಣಗಳನ್ನು ಕಲೆಸಿ ಒಂದೊಂದು ಡಬ್ಬದ ಮೇಲೆ ಒಂದೊಂದು ಇಟ್ಟಳು. ಕರ್ಪೂರ ಹಚ್ಚಿದರು. ಎಂಜಿನ್ ಎಣ್ಣೆಯ ಪಕ್ಕದಲ್ಲಿ ಕರ್ಪೂರ ಉರಿಯುವುದನ್ನು ಕಂಡು ಸೆಂದಿಲ್‌ಕುಮಾರ್ ಮೆಲ್ಲಗೆ ಬಾಗಿಲ ಕಡೆ ಸರಿದ.

ಪಿಚ್ಚೈಯ ಪೊಟ್ಟಣ ಕೆಂಪು. ಆಂಡಿಯದು ಕೆಂಪು. ಸೆಂದಿಲ್‌ಕುಮಾರನದು ಕೆಂಪು. ತನ್ನ ಹರಳೆಣ್ಣೆಯ ಪೊಟ್ಟಣವನ್ನು ಕಾಳಿಯಮ್ಮಾಳ್ ಕಣ್ಣಿಗೊತ್ತಿಕೊಂಡು ಬಿಚ್ಚಿದಳು. ಅದೂ ಕೆಂಪು. ತಂಗವೇಲನ ಇಪ್ಪತ್ತು-ಐವತ್ತರ ಮೇಲೆ ಬಿಳಿ ಮಲ್ಲಿಗೆ ನಕ್ಕಿತು.

ಎಲ್ಲರೂ ಕೈ ಮುಗಿದರು. ಹೊರಗೆ ಬಂದ ಮೇಲೆ ಪಿಚ್ಚೈ ಆಂಡಿಯ ಕಿವಿಯಲ್ಲಿ, "ಅಮ್ಮ ದೊಡ್ಡವಳೇ. ಆದ್ರೆ ಅವಳು ಪಂಪ್‌ಸೆಟ್ ಓಡಿಸಿದವಳಲ್ಲ" ಅಂದ.

ಹಳೆ ಎಣ್ಣೆ ಇಳಿಸಿ ಹೊಸದು ತುಂಬಿದರು. ಇಳಿಸಿದ ಕರಿ ಎಣ್ಣೆ ಯಾರಿಗೆ ಎಂದು ಒಂದು ಜಗಳವಾಯಿತು. ಗೆದ್ದಲು ಹತ್ತಿದ ತೊಲೆಗೆ ಬಳಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಮಣಿಮೇಗಲೈ ಕಾರಿಗೆ ಕುಂಕುಮವಿಟ್ಟು, ಮಲ್ಲಿಗೆ ಹಾರ ಹಾಕಿ, ಮುಂದಿನ ಕಂಬಿಗೆ ಮಾವಿನ ಎಲೆ ಕಟ್ಟಿದಳು. ಸೀರಿನ ತಟ್ಟೆಗಳನ್ನು ಲೆಕ್ಕ ನೋಡಿ ಜೋಡಿಸಿದರು. ಸೀರು ಯಾವಾಗಲೂ ಬೆಸವಾಗಿರಬೇಕು, ಸಮವಾದರೆ ಅದು ಸಾವಿನ ಮನೆಯ ಲೆಕ್ಕ. ತಟ್ಟೆ ಹೊರುವ ಹೆಂಗಸರು ಮಕ್ಕಳನ್ನೂ ಕರೆದುಕೊಂಡು ಬಸ್ಸಿನಲ್ಲಿ ಮುಂದೆ ಹೋದರು. ಎಣ್ಣೆಯ ಪಂಡಿತರು ಮಾತ್ರ ಬಸ್ಸು ಹತ್ತಲಿಲ್ಲ. ತಟ್ಟೆಗಳ ಕಾವಲಿಗೆ ಮಣಿಮೇಗಲೈ ಕೂತಿದ್ದ ಕಾರಿನಲ್ಲೇ ಬರುತ್ತೇವೆಂದರು. ರೋಗಿಯನ್ನು ಬಿಟ್ಟು ವೈದ್ಯರು ಹೋಗುವುದುಂಟೆ?

ಕಾರು ಚೆನ್ನಾಗಿಯೇ ಹೊರಟಿತು. ಉತ್ತಮಪಾಳಯಂನ ಬಾಳೆ ತೋಟಗಳು, ಗದ್ದೆಗಳು ಹಿಂದಕ್ಕೆ ಹೋದವು. ತೇನಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಬೋಡಿಯ ರೈಲು ಯಾವಾಗ ಬರುತ್ತದೆಂದು ರೈಲಿಗೂ ತಿಳಿಯದು. ತಂಗವೇಲ್ ಎಂಜಿನ್ ನಿಲ್ಲಿಸಿ, ಬಾಡಿದ ಹಾರಕ್ಕೆ ಬದಲು ಹೊಸ ಮಲ್ಲಿಗೆ ತರಲು ಇಳಿದು ಹೋದ. ತಿರುಗಿ ಬಂದಾಗ ಪಿಚ್ಚೈ ಬಾನೆಟ್ಟಿನ ಪಕ್ಕದಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ.

"ಏನಣ್ಣೇ?"

"ಗಾಳಿ ಆಡ್ಲಿ ಅಂತ ತೆಗೆದಿದ್ದೆ."

ರೈಲು ಹೋಯಿತು, ಗೇಟು ಎದ್ದಿತು. ತಂಗವೇಲ್ ಕಾರು ಎಬ್ಬಿಸಿದ. ಹಿಂದಿನಿಂದ ನೀಲಿ ಹೊಗೆ ಎದ್ದು ಗೇಟನ್ನು ನುಂಗಿತು, ಗೇಟು ಕಾಯುವವನನ್ನು ನುಂಗಿತು, ಪಕ್ಕದ ಪರೋಟಾ ಅಂಗಡಿಯನ್ನು ನುಂಗಿತು. ಹಿಂದಿದ್ದ ಬಸ್ಸಿನ ಡ್ರೈವರು ಹೊಗೆಯೊಳಗಿಂದ ತಲೆ ಹಾಕಿ, "ಯೋವ್! ಮುನಿಸಿಪಾಲಿಟಿ ಕೊಸು ಮರುಂದು ವಂಡಿಯಾ?" ಎಂದು ಕೂಗಿದ. ಸೊಳ್ಳೆಗೆ ಹೊಗೆ ಹಾಕುವ ವಂಡಿಯ ಹಿಂದೆ ಓಡುವಂತೆ ಒಂದು ಹಿಂಡು ಮಕ್ಕಳು ಹೊಗೆಯಲ್ಲಿ ಕುಣಿಯುತ್ತ ಓಡಿ ಬಂದರು. ಮದುವೆಗೆ ಹೊರಟ ಕಾರಿನಲ್ಲಿ ಯಾರೂ ಕುಣಿಯಲಿಲ್ಲ.

ಪೆರಿಯಕುಳಂ ಹತ್ತಿರ ಮಾವಿನ ತೋಪಿನ ನೆರಳಿನಲ್ಲಿ ಕಾರು ನಿಲ್ಲಿಸಿ ಅಳತೆಯ ಕಡ್ಡಿ ಎಳೆದು ನೋಡಿದರು. ಎಣ್ಣೆ ಗುರುತು ದಾಟಿ ಕಡ್ಡಿಯ ಕುತ್ತಿಗೆಗೆ ಬಂದಿತ್ತು.

"ನಾನು ಗುರುತಿಗೆ ಸರಿಯಾಗಿ ಹಾಕಿದ್ದೆ," ಅಂದ ತಂಗವೇಲ್. ಅವನ ದನಿ ಏರಲಿಲ್ಲ, ಅದಕ್ಕೇ ಎಲ್ಲರಿಗೂ ಹೆದರಿಕೆಯಾಯಿತು. "ಯಾರು?"

ಪಿಚ್ಚೈ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ತೆಳ್ಳಗೆ ಕಂಡಿತು," ಅಂದ ಪಿಚ್ಚೈ. "ಗೇಟ್ ಹತ್ರ ಸ್ವಲ್ಪ ನಂದೂ ಹಾಕ್ದೆ. ನಿನ್ನ ಒಳ್ಳೇದಕ್ಕೇ."

"ಛೇ, ದೇವರು ಹೇಳಿದ ಮೇಲೂ ಹಾಕ್ತಾರಾ?" ಎಂದು ಆಂಡಿ ಅವನ ಮೇಲೆ ಹರಿಹಾಯ್ದ. ಆಮೇಲೆ ತಗ್ಗಿದ ದನಿಯಲ್ಲಿ, "ನಾನಾದ್ರೆ ಮನೇಲೇ ಹಾಕಿದ್ದೆ, ಹೊರಡೋಕೆ ಮುಂಚೆ" ಅಂದ.

ಎಲ್ಲರೂ ಸೆಂದಿಲ್‌ಕುಮಾರನನ್ನು ನೋಡಿದರು. "ಕೊಂಜಂ," ಅಂದ ಅವನು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಎಲಚಿಹಣ್ಣಿನಷ್ಟು ಜಾಗ ತೋರಿಸುತ್ತ.

ಕಾಳಿಯಮ್ಮಾಳ್ ಸೀಸೆಯನ್ನು ಎದೆಗೆ ಒತ್ತಿಕೊಂಡಳು. "ನಾನು ಎಂಜಿನ್ನಿಗೆ ಹಾಕ್ಲಿಲ್ಲಪ್ಪ, ಅಮ್ಮನಾಣೆ. ಬಾಗಿಲ ಕೀಲಿಗೆ ಹಾಕ್ದೆ." ತಂಗವೇಲ್ ಬಾಗಿಲು ತೆಗೆದು ಹಾಕಿ ನೋಡಿದ. ಸದ್ದೇ ಇಲ್ಲ.

ಹೆಚ್ಚಾದ ಎಣ್ಣೆ ಇಳಿಸಬೇಕು. ಇಳಿಸಲು ಪಾತ್ರೆ ಬೇಕು. ಸುತ್ತ ಮಾವಿನ ಮರ, ಮೇಲೆ ಆಕಾಶ. ಕೊನೆಗೆ ಸೀರಿನಲ್ಲಿದ್ದ ಅಗಲ ಬಾಯಿಯ ಹಿತ್ತಾಳೆ ಪಾತ್ರೆಯೇ ಹೊರಗೆ ಬಂತು. ಅದರೊಳಗಿದ್ದ ಕಲ್ಲುಸಕ್ಕರೆಯನ್ನು ಮಣಿಮೇಗಲೈ ಬೇರೆ ತಟ್ಟೆಗಳಿಗೆ ಹಂಚಿದಳು. ಕಲ್ಲುಸಕ್ಕರೆ ಸುರಿಯುವ ಸದ್ದಿನಲ್ಲೇ ಎಲ್ಲವನ್ನೂ ಹೇಳಿದಳು. ತಂಗವೇಲ್ ಕಾರಿನಡಿ ತೂರಿದ. ಯಾರ ಕೈಗೂ ಆ ತಿರುಪು ಬಿಡಲು ಅವನಿಗೆ ಈಗ ಧೈರ್ಯವಿರಲಿಲ್ಲ. ತಿರುಪು ಸಡಿಲಾದದ್ದೇ ಬಿಸಿ ಎಣ್ಣೆ ಪಾತ್ರೆಗೆ ಅರ್ಧ, ಮದುವೆಗೆಂದು ತಂದ ಅವನ ಹೊಸ ಅಂಗಿಗೆ ಅರ್ಧ ಬಿತ್ತು.

ಅವನು ಹೊರಗೆ ಬಂದಾಗ ಬಿಳಿ ಅಂಗಿಯ ಮೇಲೆ ಇಡೀ ತಮಿಳುನಾಡಿನ ನಕ್ಷೆಯಿತ್ತು. ಅಂಗಿ ಬಿಚ್ಚಿ, ಮೈ ಒರೆಸಿ, ಜರಿ ಪಂಚೆಯ ಮೇಲೆ ಜರಿ ಶಲ್ಯವೊಂದನ್ನೇ ಹೊದ್ದ.

"ಮಾಮ ಅಂದ್ರೆ ಇಂಗೇ ಇರ್ಬೇಕು ಕಣ್ಣೂ. ನಿನ್ನ ತಾತ ಅಂಗಿ ಹಾಕಿದ್ದೇ ಇಲ್ಲ," ಅಂದಳು ಕಾಳಿಯಮ್ಮಾಳ್.

ಇಳಿಸಿ ಉಳಿದದ್ದು ಯಾರ ಎಣ್ಣೆ, ಯಾರದೆಷ್ಟು, ದೇವರೇ ಹೇಳಬೇಕು. ತಂಗವೇಲ್ ಕಣ್ಣು ಮುಚ್ಚಿ ಚಾವಿ ತಿರುಗಿಸಿದ.

ಎಂಜಿನ್ ಎದ್ದಿತು. ಹೊಗೆ ಮೊದಲು ತೆಳುವಾಯಿತು, ಆಮೇಲೆ ಇಲ್ಲವಾಯಿತು. ವತ್ತಲಗುಂಡು ದಾಟುವಾಗ ಕಾರಿನೊಳಗೆ ಎಲ್ಲರೂ ಕಿವಿಗೊಟ್ಟು ಕೂತಿದ್ದರು. ಎಂಜಿನ್ನಿನ ಸದ್ದು ಅಷ್ಟು ಕಡಿಮೆಯಾಗಿತ್ತು. ಟೈರು ರಸ್ತೆಯ ಮೇಲೆ ಉರುಳುವುದು ಕೇಳುತ್ತಿತ್ತು, ಹೊಲದಲ್ಲಿ ಯಾರೋ ಎಮ್ಮೆ ಕರೆಯುವುದು ಕೇಳುತ್ತಿತ್ತು. ಹಿಂದಿನ ಸೀಟಿನಲ್ಲಿ ಪಿಚ್ಚೈ, ಆಂಡಿ, ಸೆಂದಿಲ್‌ಕುಮಾರ್ ಮೂವರೂ ತಮ್ಮ ಎಣ್ಣೆಯನ್ನು ತಾವೇ ಮೆಚ್ಚಿಕೊಳ್ಳುತ್ತ ಕಿಟಕಿಯ ಹೊರಗೆ ನೋಡುತ್ತಿದ್ದರು. ಈ ಕಾರು ಹೊಸದಾಗಿದ್ದಾಗ ಡಾಕ್ಟರು ಹೀಗೇ ಓಡಿಸುತ್ತಿದ್ದಿರಬೇಕು ಎಂದುಕೊಂಡ ತಂಗವೇಲ್. ಇನ್ನು ಇದು ಮಗನ ಕಾಲಕ್ಕೂ ಓಡುತ್ತದೆ. ತುಂಬ ವರ್ಷಗಳ ಮೇಲೆ ಅವನಿಗೆ ಬೆನ್ನು ನೋಯುತ್ತಿರಲಿಲ್ಲ.

ಬಿಸಿಲು ಇನ್ನೂ ಇರುವಾಗಲೇ ದಿಂಡಿಗಲ್ಲಿನ ಮಂಟಪದ ಬೀದಿ ಬಂತು. ಬಸ್ಸಿನಲ್ಲಿ ಬಂದ ಹೆಂಗಸರು ಮೂಲೆಯಲ್ಲಿ ಕಾದಿದ್ದರು. ತಟ್ಟೆಗಳನ್ನು ಇಳಿಸಿ ಲೆಕ್ಕ ನೋಡಿದ ಮಣಿಮೇಗಲೈ ಬಿಳಿಚಿದಳು. ಹಿತ್ತಾಳೆ ಪಾತ್ರೆ ಕೆಟ್ಟಿತ್ತಲ್ಲ, ಸೀರು ಸಮವಾಗಿತ್ತು.

"ಒಂದು ತಟ್ಟೆ ಬೇಕು, ಏನಾದ್ರೂ ಸೆರಿ!" ಎಂದು ಅವಳು ಬೇರೆ ತಟ್ಟೆಗಳಿಂದ ಒಂದು ತೆಂಗಿನಕಾಯಿ, ಒಂದು ಹಿಡಿ ವೀಳ್ಯದೆಲೆ, ಅಡಿಕೆ, ಅರಿಶಿನದ ಕೊಂಬು ಎತ್ತಿ ಹೊಸ ತಟ್ಟೆ ಮಾಡಿದಳು. "ಈ ತಟ್ಟೆ ಬಡವಾಗಿ ಕಾಣ್ತದೆ" ಎಂದು ತಾನೇ ಮುಖ ಸಣ್ಣ ಮಾಡಿದಳು. ಮೇಳದವರು ಶುರು ಮಾಡಿಬಿಟ್ಟಿದ್ದರು. ತಂಗವೇಲ್ ಹಾರ ಹಾಕಿದ ಕಾರನ್ನು ಮೇಳದ ಹಿಂದೆ ನಿಧಾನವಾಗಿ ಓಡಿಸಿಕೊಂಡು ಹೋಗಿ ಮಂಟಪದ ಬಾಗಿಲಿಗೆ ನೇರವಾಗಿ ನಿಲ್ಲಿಸಿದ. ಇಳಿದ. ಮೊದಲ ತಟ್ಟೆ ಮಾಮನದು, ಎರಡೂ ಕೈಯಲ್ಲಿ ಹಿಡಿಯಬೇಕು. ಮಣಿಮೇಗಲೈ ಅವಸರದಲ್ಲಿ ಹೊಸ ತಟ್ಟೆಯನ್ನೇ ಅವನ ಕೈಗೆ ಕೊಟ್ಟಳು. ಚಾವಿ ಕೈಯಲ್ಲಿತ್ತು. ಅಂಗಿ ಇಲ್ಲ, ಜೇಬಿಲ್ಲ. ಅವನು ಚಾವಿಯನ್ನು ವೀಳ್ಯದೆಲೆಯ ಮೇಲೆ ಇ‌ಟ್ಟುಕೊಂಡು ತಟ್ಟೆ ಹಿಡಿದು ನಡೆದ.

ಮಂಟಪ ತುಂಬಿತ್ತು. ಎದುರಿಗೆ ಕುರ್ಚಿಯಲ್ಲಿ ಚಿನ್ನಮ್ಮಾಳ್, ಈಗ ಹಲ್ಲಿಲ್ಲ, ನಾಲಿಗೆ ಇತ್ತು. ಅವಳ ಹಿಂದೆ ಕಂಬಕ್ಕೆ ಒರಗಿ ವೆಳ್ಳೈಯಮ್ಮಾಳ್ ನಿಂತಿದ್ದಳು. ಮಗಳ ಮದುವೆಯಲ್ಲೂ ಕೂರಲು ಅವಳಿಗೆ ಯಾರೂ ಹೇಳಿರಲಿಲ್ಲ. ತಮ್ಮನನ್ನು ಕಂಡವಳೇ ಅವಳು ತಿರುಗಿ ದೀಪದ ಕಡೆ ನೋಡಿದಳು. ದೀಪ ಇನ್ನೂ ಹಚ್ಚಿರಲಿಲ್ಲ.

ಗಂಡಿನ ಅಣ್ಣನ ಮಗ ಲೋಗೇಶ್ ಮೈಕು ಹಿಡಿದಿದ್ದ. ಸೀರಿನ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಹೇಳುವುದು ಅವನ ಕೆಲಸ. ತಂಗವೇಲನ ಕೈಯಿಂದ ಮೊದಲ ತಟ್ಟೆಯನ್ನು ಗಂಡಿನ ಅಪ್ಪ ಎರಡೂ ಕೈಯಲ್ಲಿ ಇಸಿದುಕೊಂಡರು.

"ತಾಯ್‌ಮಾಮನ್ ಸೀರು!" ಎಂದು ಮೈಕು ಮೊಳಗಿತು. "ತೆಂಗಿನಕಾಯಿ, ವೀಳ್ಯ, ಅಡಿಕೆ, ಅರಿಶಿನ..." ಲೋಗೇಶನ ದನಿ ನಿಂತಿತು. ಅವನು ತಟ್ಟೆಯೊಳಗೆ ನೋಡಿದ. ತಲೆಯೆತ್ತಿ ಬಾಗಿಲ ಆಚೆ ಹಾರ, ಕುಂಕುಮ, ಮಾವಿನ ಎಲೆ ಹೊತ್ತು ನಿಂತಿದ್ದ ಬಿಳಿ ಕಾರನ್ನು ನೋಡಿದ. ಮತ್ತೆ ತಟ್ಟೆಯೊಳಗೆ ನೋಡಿದ. "ಕಾರು! ಮಾಮನ್ ಕಾರು ಸೀರು ತಂದಿದ್ದಾರೆ! ಚಾವಿ ಸಮೇತ! ಎಲ್ಲಾರುಂ ಕೈ ತಟ್ಟುಂಗೊ!"

ಮಂಟಪ ಕೈ ತಟ್ಟಿತು. ಮೇಳದವರು ಜೋರು ಮಾಡಿದರು. ಯಾರೋ ಪಟಾಕಿ ಹಚ್ಚಿದರು.

ತಂಗವೇಲ್ ಬಾಯಿ ತೆರೆದ. ಸೀರಿನ ತಟ್ಟೆ ಕೈ ಬದಲಾದ ಮೇಲೆ ಅದರಿಂದ ಒಂದು ಅಡಿಕೆ ವಾಪಸು ತೆಗೆದರೂ ಹೆಣ್ಣಿಗೆ ಕೇಡು. ಅದು ಗೊತ್ತಿದ್ದೂ ಅವನು ಬಾಯಿ ತೆರೆದ. ಆಗ ಚಿನ್ನಮ್ಮಾಳ್ ಕುರ್ಚಿಯಿಂದ ಎದ್ದಳು. ಕೋಲು ಊರಿಕೊಂಡು ತಿರುಗಿ, ಕಂಬಕ್ಕೆ ಒರಗಿದ್ದ ಸೊಸೆಯ ಕೈ ಹಿಡಿದು ಎಳೆದು, "ನೀನು ಇಲ್ಲಿ ಕೂತ್ಕೋ" ಅಂದಳು. ವೆಳ್ಳೈಯಮ್ಮಾಳ್ ಕೂತಳು. ಸೆರಗು ಬಾಯಿಗೆ ಒತ್ತಿಕೊಂಡು, ತಲೆಯೆತ್ತಿ ತಮ್ಮನನ್ನೇ ನೋಡಿದಳು.

ತಂಗವೇಲ್ ಬಾಯಿ ಮುಚ್ಚಿಕೊಂಡ.

ಹಿಂದೆ ನಿಂತಿದ್ದ ಮಣಿಮೇಗಲೈ, "ಏನ್ರೀ ಇದು? ಏನ್ ಮಾಡಿದ್ರಿ?" ಎಂದು ಶಲ್ಯ ಜಗ್ಗಿದಳು.

"ತಟ್ಟೆ ಬಡವಾಗಿ ಕಾಣ್ತಿತ್ತು ಅಂದ್ಯಲ್ಲ," ಅಂದ ಅವನು.

ಗಂಡಿನ ಅಪ್ಪ ಹೊರಗೆ ಹೋಗಿ ಕಾರು ಎಬ್ಬಿಸಿ ನೋಡಿ, ಬೆರಗಾಗಿ ತಿರುಗಿ ಬಂದರು. "ಎಂಜಿನ್ ಓಡ್ತಾ ಇದೆಯೋ ಇಲ್ವೋ ತಿಳಿಯದು! ಬಾಗಿಲು ಬೆಣ್ಣೆ! ಹೊಗೆ ಉಗುಳೋ ಕಾರಾಗಿದ್ರೆ ಯಾಕಪ್ಪಾ ಅಂತ ಗೇಟಲ್ಲೇ ನಿಲ್ಲಿಸ್ತಿದ್ದೆ. ಯಾವ ಎಣ್ಣೆ ಹಾಕ್ತೀರಿ ಸಂಬಂಧಿಗಳೇ?"

ತಂಗವೇಲ್ ಅದನ್ನು ಸಾವಧಾನವಾಗಿ, ಒಂದನ್ನೂ ಬಿಡದೆ ಹೇಳಿದ. ಇಪ್ಪತ್ತು-ಐವತ್ತು. ಅದಕ್ಕೆ ಸ್ವಲ್ಪ ಪಂಪ್‌ಸೆಟ್ಟಿನದು, ಸ್ವಲ್ಪ ಬಸ್ಸಿನದು, ಎಲಚಿಹಣ್ಣಿನಷ್ಟು ತೆಳುವಿನದು. ಬಾಗಿಲಿಗೆ ಹರಳೆಣ್ಣೆ. ಗಂಡಿನ ಅಪ್ಪ ಪ್ರತಿಯೊಂದಕ್ಕೂ ತಲೆದೂಗಿದರು. ಪಿಚ್ಚೈ, ಆಂಡಿ, ಸೆಂದಿಲ್‌ಕುಮಾರ್ ತಮ್ಮ ತಮ್ಮ ಎಣ್ಣೆಯ ಹೆಸರು ಬಂದಾಗ ಎದೆ ಉಬ್ಬಿಸಿದರು.

ಊಟದ ಸಾಲಿನಲ್ಲಿ ಪಿಚ್ಚೈ ಪಕ್ಕಕ್ಕೆ ವಾಲಿ, "ಅದ್ಸರಿ, ನಾಳೆ ಮುಹೂರ್ತ ಆದ್ಮೇಲೆ ಊರಿಗೆ ಹೆಂಗೆ ಹೋಗೋದು?" ಎಂದು ಕೇಳಿದ.

"ಬಸ್ಸಲ್ಲಿ," ಅಂದ ತಂಗವೇಲ್, ಅನ್ನಕ್ಕೆ ಸಾಂಬಾರು ಕಲೆಸುತ್ತ.

ಸೀರು ಸ್ವಂತ ಕಾರಿನಲ್ಲಿ ಬಂದಿತ್ತು. ದೀಪ ಹಚ್ಚುವ ಮೊದಲೇ ಬಂದಿತ್ತು. ಅಕ್ಕನಿಗೆ ಕೊಟ್ಟ ಮಾತು ನಡೆಯಿತು.